ಪೇಸ್‌ಮೇಕರ್ ತಪಾಸಣೆ: ‘ಚೆನ್ನಾಗಿದೆ’ ಅಂದರೆ ಸಾಲದು, ಅಂಕಿ ಕೇಳಿ

ಪೇಸ್‌ಮೇಕರ್ ಹಾಕಿಸಿಕೊಂಡವರ ತಪಾಸಣೆ ಹೊರಗಿನಿಂದ ನೋಡುವವರಿಗೆ ಏನೂ ಅಲ್ಲ ಅನಿಸುತ್ತದೆ. ಸೂಜಿಯಿಲ್ಲ, ಉಪವಾಸವಿಲ್ಲ, ರಕ್ತ ತೆಗೆಯುವುದಿಲ್ಲ. ಮಂಚದ ಮೇಲೆ ಮಲಗಿಸಿ, ಕೈಕಾಲಿಗೆ ಇಸಿಜಿ ಕ್ಲಿಪ್ ಸಿಕ್ಕಿಸಿ, ಹೆಗಲ ಕೆಳಗೆ ಉಬ್ಬಿಕೊಂಡಿರುವ ಜಾಗದ ಮೇಲೆ ವೈರಿನ ತುದಿಯಲ್ಲಿರುವ ಬಿಲ್ಲೆಯೊಂದನ್ನು ಇಡುತ್ತಾರೆ. ಪಕ್ಕದ ಲ್ಯಾಪ್‌ಟಾಪಿನಂಥ ಯಂತ್ರದಲ್ಲಿ ಏನೇನೋ ಒತ್ತುತ್ತಾರೆ. ನಡುವೆ ಒಂದೆರಡು ಸಲ ಎದೆಬಡಿತ ಜೋರಾದಂತೆಯೋ, ಕ್ಷಣಕಾಲ ತಲೆ ಹಗುರಾದಂತೆಯೋ ಆಗಬಹುದು. ಹತ್ತು ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ‘ಎಲ್ಲ ಚೆನ್ನಾಗಿದೆ, ಆರು ತಿಂಗಳು ಬಿಟ್ಟು ಬನ್ನಿ.’ ಕೇಳಬೇಕಾದ ಪ್ರಶ್ನೆಗಳು ನೆನಪಾಗುವುದು ಆಮೇಲೆ, ಬಸ್ ಹತ್ತಿ ಕೂತಾಗ.

‘ಚೆನ್ನಾಗಿದೆ’ ಎಂಬುದು ಬಹುಮಟ್ಟಿಗೆ ನಿಜವೇ. ಆದರೆ ಆ ಮಾತಿನ ಹಿಂದೆ ಐದಾರು ಅಳತೆಗಳಿರುತ್ತವೆ. ಒಂದೊಂದೂ ತನ್ನಷ್ಟಕ್ಕೆ ಹೇಳುವುದು ಕಡಿಮೆ. ಹೋದ ಸಲ ಎಷ್ಟಿತ್ತು, ಈ ಸಲ ಎಷ್ಟಾಯಿತು ಎಂದು ಅಕ್ಕಪಕ್ಕ ಇಟ್ಟಾಗಲೇ ಸಂಗತಿ ಹೊರಬೀಳುತ್ತದೆ. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲೋ ಅದರ ಮೈಸೂರು, ಕಲಬುರಗಿ ಶಾಖೆಗಳಲ್ಲೋ ಪೇಸ್‌ಮೇಕರ್ ಹಾಕಿಸಿಕೊಂಡು ಊರಿಗೆ ಮರಳಿ, ಹತ್ತಿರದ ಊರಿನಲ್ಲಿ ತಪಾಸಣೆ ಮಾಡಿಸಿಕೊಳ್ಳುವವರು ಎಷ್ಟೋ ಮಂದಿ. ಮಕ್ಕಳ ಮನೆಗೆಂದು ಪುಣೆಗೋ ಹೈದರಾಬಾದಿಗೋ ಹೋದಾಗ ಅಲ್ಲೇ ತೋರಿಸುವವರೂ ಇದ್ದಾರೆ. ಆಸ್ಪತ್ರೆಯ ಫೈಲು ಅವರ ಹಿಂದೆ ಬರುವುದಿಲ್ಲ. ಹಾಗಾಗಿ ಲೆಕ್ಕ ರೋಗಿಯ ಕೈಯಲ್ಲೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಲವತ್ತು ಪುಟದ ಒಂದು ನೋಟ್‌ಬುಕ್ ಸಾಕು. ಕೆಳಗೆ ಹೇಳಿರುವ ಪ್ರಶ್ನೆಗಳೆಲ್ಲ ಆ ಪುಸ್ತಕ ತುಂಬಿಸಲು.

ಮೊದಲ ಪುಟದಲ್ಲಿ ಬರೆಯಬೇಕಾದ್ದು ಪೇಸ್‌ಮೇಕರ್‌ನ ಕಂಪನಿ, ಮಾದರಿ, ಕ್ರಮಸಂಖ್ಯೆ, ಲೀಡುಗಳ (ಡಬ್ಬಿಯಿಂದ ಹೃದಯಕ್ಕೆ ಹೋಗುವ ತಂತಿಗಳ) ಮಾದರಿ, ಹಾಕಿದ ದಿನಾಂಕ. ತಪಾಸಣೆಯ ಆ ಯಂತ್ರಕ್ಕೆ ಪ್ರೋಗ್ರಾಮರ್ ಎನ್ನುತ್ತಾರೆ. ಕಂಪನಿಯ ಹೆಸರು ಯಾಕೆ ಮುಖ್ಯವೆಂದರೆ, ಒಂದು ಕಂಪನಿಯ ಪ್ರೋಗ್ರಾಮರ್ ಇನ್ನೊಂದು ಕಂಪನಿಯ ಪೇಸ್‌ಮೇಕರನ್ನು ಓದಲಾರದು. ಮೆಡ್‌ಟ್ರಾನಿಕ್ ಇದ್ದವರಿಗೆ ಅಬಾಟ್‌ನದು ನಡೆಯದು, ಬಾಸ್ಟನ್ ಸೈಂಟಿಫಿಕ್ ಇದ್ದವರಿಗೆ ಬಯೋಟ್ರಾನಿಕ್‌ನದು ನಡೆಯದು. ನಮ್ಮಲ್ಲಿ ಬಹಳ ಕಡೆ ಪ್ರೋಗ್ರಾಮರ್ ಹಿಡಿದು ಬರುವವರೇ ಕಂಪನಿಯ ತಂತ್ರಜ್ಞರು. ಅವರು ಬರುವ ದಿನವೇ ಪೇಸ್‌ಮೇಕರ್ ಕ್ಲಿನಿಕ್. ಆದ್ದರಿಂದ ಹೊರಡುವ ಮುಂಚೆ ಫೋನ್ ಮಾಡಿ, ‘ನನ್ನ ಕಂಪನಿಯವರು ಯಾವ ದಿನ ಬರುತ್ತಾರೆ’ ಎಂದು ಕೇಳಿಕೊಳ್ಳಿ. ತಂತ್ರಜ್ಞರು ಯಂತ್ರವನ್ನು ಚೆನ್ನಾಗಿ ಬಲ್ಲವರು, ಅಳತೆಗಳನ್ನು ಅವರನ್ನೇ ಕೇಳಬಹುದು. ಮಾತ್ರೆ ಬದಲಿಸುವ, ಎಕೋ (ಹೃದಯದ ಸ್ಕ್ಯಾನ್) ಮಾಡಿಸುವ ಮಾತು ಮಾತ್ರ ಹೃದ್ರೋಗ ತಜ್ಞರ ಬಾಯಿಂದಲೇ ಬರಬೇಕು.

ಎರಡನೆಯ ಪ್ರಶ್ನೆ ಇನ್ನೂ ಬುಡದ್ದು: ನನಗೆ ಇದನ್ನು ಹಾಕಿದ್ದು ಯಾಕೆ? ರಕ್ತನಾಳದಲ್ಲಿ ಅಡಚಣೆಯಾದರೆ ಹಾಕುವುದು ಸ್ಟೆಂಟ್. ಪೇಸ್‌ಮೇಕರ್ ಹಾಕುವುದು ಹೃದಯದ ವಿದ್ಯುತ್ ವ್ಯವಸ್ಥೆ ಸೋತಾಗ. ಬಡಿತ ಹುಟ್ಟುವ ಮೇಲ್ಭಾಗದ ಸೈನಸ್ ನೋಡ್ ನಿಧಾನವಾಗಿರಬಹುದು, ಅಥವಾ ಅಲ್ಲಿ ಹುಟ್ಟಿದ ಸಂಕೇತ ಕೆಳಗಿನ ಹೃತ್ಕುಕ್ಷಿಗೆ ತಲುಪದೆ ನಡುದಾರಿಯಲ್ಲಿ ನಿಲ್ಲುತ್ತಿರಬಹುದು. ಪೇಸ್‌ಮೇಕರ್ ಹೃದಯದ ಬಡಿತವನ್ನು ಕೇಳಿಸಿಕೊಳ್ಳುತ್ತದೆ. ಗೊತ್ತುಪಡಿಸಿದ ಹೊತ್ತಿಗೆ ಬಡಿತ ಬಾರದಿದ್ದರೆ ತಾನೇ ಒಂದು ಸಣ್ಣ ವಿದ್ಯುತ್ ಮಿಡಿತ ಕೊಡುತ್ತದೆ. ಅದರ ಕೆಲಸ ಅಷ್ಟೇ. ಹೃದಯಾಘಾತವನ್ನು ಅದು ತಡೆಯುವುದಿಲ್ಲ. ಬಿಪಿ, ಸಕ್ಕರೆ, ಕೊಲೆಸ್ಟರಾಲಿನ ಮಾತ್ರೆ ಬಿಡುವಂತೆಯೂ ಇಲ್ಲ. ಇದರ ಜೊತೆಗೇ ಕೇಳಿ: ‘ಪೇಸ್‌ಮೇಕರ್ ನಿಂತರೆ ನನ್ನ ಹೃದಯ ತಾನಾಗಿ ಬಡಿದುಕೊಳ್ಳುತ್ತದೆಯೇ, ಇಲ್ಲವೇ?’ ಪೂರ್ತಿ ಪೇಸ್‌ಮೇಕರನ್ನೇ ನಂಬಿರುವ ಹೃದಯವೋ ಅಲ್ಲವೋ ಎಂಬುದು ಮುಂದೆ ಯಾವುದೇ ಆಪರೇಷನ್ ಸಮಯದಲ್ಲಿ ವೈದ್ಯರು ಕೇಳುವ ಮೊದಲ ಸಂಗತಿ.

ಬ್ಯಾಟರಿಯ ಲೆಕ್ಕ

ಹಳ್ಳಿಯ ಹಿರಿಯರು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ. ‘ಡಾಕ್ಟ್ರೇ, ಶೆಲ್ಲು ಇನ್ನೆಷ್ಟು ವರ್ಷ ಬರುತ್ತೆ?’ ಒಳ್ಳೆಯ ಪ್ರಶ್ನೆಯೇ. 1958ರಲ್ಲಿ ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಎಂಬುವರ ದೇಹದೊಳಗೆ ಇಟ್ಟ ಮೊಟ್ಟಮೊದಲ ಪೇಸ್‌ಮೇಕರ್ ಕೆಲಸ ಮಾಡಿದ್ದು ಕೆಲವೇ ಗಂಟೆ. ಒಂದಾದ ಮೇಲೊಂದು ಬದಲಿಸುತ್ತ ಅವರು ಒಟ್ಟು 26 ಪೇಸ್‌ಮೇಕರ್ ಕಂಡರು, 86 ವರ್ಷ ಬದುಕಿ 2001ರಲ್ಲಿ ತೀರಿಕೊಂಡರು. ಇವತ್ತಿನ ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 7ರಿಂದ 12 ವರ್ಷ ಬರುತ್ತದೆ. ಯಾರಿಗೆ 7, ಯಾರಿಗೆ 12 ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ: ಪೇಸ್‌ಮೇಕರ್ ಎಷ್ಟು ಸಲ ಮಿಡಿಯಬೇಕಾಗುತ್ತದೆ, ಪ್ರತಿ ಮಿಡಿತಕ್ಕೆ ಎಷ್ಟು ವೋಲ್ಟ್ ಖರ್ಚಾಗುತ್ತದೆ. ಮೊದಲನೆಯದು ನಿಮ್ಮ ಕಾಯಿಲೆಗೆ ಬಿಟ್ಟದ್ದು. ಎರಡನೆಯದನ್ನು ಪ್ರೋಗ್ರಾಮರ್‌ನಲ್ಲಿ ಹೊಂದಿಸಬಹುದು, ಅದಕ್ಕೆ ಆಮೇಲೆ ಬರುತ್ತೇನೆ.

ಯಂತ್ರ ತೋರಿಸುವ ‘ಇನ್ನು 6 ವರ್ಷ’ ಒಂದು ಅಂದಾಜು. ಹೋದ ಸಲ 8 ವರ್ಷ ಎಂದಿದ್ದು ವರ್ಷ ಕಳೆದ ಮೇಲೆ 5 ವರ್ಷ ಎಂದರೆ ‘ಯಾಕೆ ಇಷ್ಟು ಬೇಗ ಇಳಿಯಿತು’ ಎಂದು ಕೇಳಲೇಬೇಕು. ಬ್ಯಾಟರಿ ಒಂದು ಮಟ್ಟಕ್ಕೆ ಇಳಿದಾಗ ಪೇಸ್‌ಮೇಕರ್ ತಾನೇ ‘ಬದಲಿಸುವ ಸಮಯ ಬಂತು’ ಎಂಬ ಗುರುತು ಹಾಕಿಕೊಳ್ಳುತ್ತದೆ. ಆಮೇಲೂ ಸಾಮಾನ್ಯವಾಗಿ ಸುಮಾರು ಮೂರು ತಿಂಗಳ ಶಕ್ತಿ ಉಳಿದಿರುತ್ತದೆ. ಅಂದರೆ ಬ್ಯಾಟರಿ ಮುಗಿದ ದಿನವೇ ಹೃದಯ ನಿಲ್ಲುತ್ತದೆ ಎಂದು ಹೆದರಬೇಕಿಲ್ಲ, ಹಬ್ಬ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ಮುಂದೂಡುವ ಹಾಗೂ ಇಲ್ಲ. ಆ ಹಂತ ಹತ್ತಿರವಾದಾಗ ತಪಾಸಣೆ ಆರು ತಿಂಗಳಿಂದ ಮೂರು ತಿಂಗಳಿಗೋ ಒಂದು ತಿಂಗಳಿಗೋ ಇಳಿಯುತ್ತದೆ.

ಬ್ಯಾಟರಿಯನ್ನು ಚಾರ್ಜ್ ಮಾಡಲಾಗದು, ಬಿಚ್ಚಿ ಬದಲಿಸಲೂ ಆಗದು. ಇಡೀ ಡಬ್ಬಿಯನ್ನೇ ಹೊಸದು ಮಾಡುತ್ತಾರೆ. ಲೀಡ್‌ಗಳು ಚೆನ್ನಾಗಿದ್ದರೆ ಅವೇ ಮುಂದುವರಿಯುತ್ತವೆ. ಆ ಜಾಗವನ್ನು ಮತ್ತೆ ತೆರೆದಷ್ಟೂ ಸೋಂಕಿನ ಅಪಾಯ ಸ್ವಲ್ಪ ಹೆಚ್ಚು. ಹಾಗಾಗಿ ಬದಲಿಸುವ ಮುಂಚೆ ‘ಲೀಡ್ ಇನ್ನೊಂದು ಹತ್ತು ವರ್ಷ ತಾಳುತ್ತದೆಯೇ, ಲೀಡನ್ನೂ ಈಗಲೇ ನೋಡಬೇಕೇ’ ಎಂದು ವಿಚಾರಿಸಿ. ಮೊದಲ ಸಲ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಹಾಕಿಸಿಕೊಂಡವರು ಬದಲಿಸುವ ಖರ್ಚು ಯೋಜನೆಯಲ್ಲಿ ಬರುತ್ತದೆಯೇ, ಕಂಪನಿಯ ವಾರಂಟಿ ಇನ್ನೂ ಉಳಿದಿದೆಯೇ ಎಂಬುದನ್ನು ಒಂದು ವರ್ಷ ಮೊದಲೇ ಆಸ್ಪತ್ರೆಯಲ್ಲಿ ಕೇಳಿಡುವುದು ಕ್ಷೇಮ.

ಮೂರನೇ ತಿಂಗಳ ತಪಾಸಣೆ

ತಪ್ಪಿಸಲೇಬಾರದ ತಪಾಸಣೆ ಯಾವುದು ಎಂದರೆ ನಾನು ಹೇಳುವುದು ಹಾಕಿಸಿಕೊಂಡು ಎರಡು ಮೂರು ತಿಂಗಳಿಗೆ ಬರುವುದನ್ನು. ಗಾಯ ಮಾಯ್ದಿದೆ, ಸುಸ್ತಿಲ್ಲ, ಮತ್ತೆ ಯಾಕೆ ಅಷ್ಟು ದೂರ ಎಂದು ಜನ ಬಿಟ್ಟುಬಿಡುವುದೂ ಇದನ್ನೇ.

ಹೃದಯದ ಸ್ನಾಯು ಬಡಿಯಲು ಬೇಕಾದ ಕನಿಷ್ಠ ವಿದ್ಯುತ್ತಿಗೆ ಥ್ರೆಶೋಲ್ಡ್ ಎನ್ನುತ್ತಾರೆ. ಮಲಗಿದವರನ್ನು ಎಬ್ಬಿಸಲು ಎಷ್ಟು ಜೋರಾಗಿ ಕೂಗಬೇಕು ಎಂಬಂತೆ. ತಪಾಸಣೆಯಲ್ಲಿ ವೋಲ್ಟೇಜನ್ನು ಮೆಲ್ಲಗೆ ಇಳಿಸುತ್ತ ಹೋಗಿ, ಯಾವ ಹಂತದಲ್ಲಿ ಹೃದಯ ಓಗೊಡುವುದಿಲ್ಲ ಎಂದು ನೋಡುತ್ತಾರೆ. ತಲೆ ಹಗುರಾದಂತೆ ಅನಿಸುವುದು ಆಗಲೇ. ಹೊಸದಾಗಿ ಲೀಡ್ ಹಾಕಿದಾಗ ಅದರ ತುದಿಯ ಸುತ್ತ ಊತ ಬಂದು ಮೊದಲ ಕೆಲವು ವಾರ ಥ್ರೆಶೋಲ್ಡ್ ಏರುತ್ತದೆ, ಆಮೇಲೆ ಇಳಿದು ನೆಲೆಗೊಳ್ಳುತ್ತದೆ. ಈ ಏರಿಕೆಗೆ ತಯಾರಾಗಿರಲೆಂದು ಆರಂಭದಲ್ಲಿ ಮಿಡಿತದ ವೋಲ್ಟೇಜನ್ನು, ಅಂದರೆ ಔಟ್‌ಪುಟ್ಟನ್ನು 3.5 ವೋಲ್ಟ್‌ನಷ್ಟು ಎತ್ತರಕ್ಕೆ ಇಟ್ಟಿರುತ್ತಾರೆ. ನೆಲೆಗೊಂಡ ಮೇಲೆ ಥ್ರೆಶೋಲ್ಡ್ 0.75 ವೋಲ್ಟ್ ಇದ್ದರೆ ಅದರ ಎರಡರಷ್ಟು, ಸ್ವಲ್ಪ ಹೆಚ್ಚೇ ಇಟ್ಟರೂ 2 ವೋಲ್ಟ್, ಸಾಕು. ಆ ಇಳಿಸುವ ಕೆಲಸ ಮಾಡುವುದು ಮೂರನೇ ತಿಂಗಳಲ್ಲಿ. ಬಾರದವರ ಪೇಸ್‌ಮೇಕರ್ 3.5ರಲ್ಲೇ ಮಿಡಿಯುತ್ತ, ಎರಡು ಮೂರು ವರ್ಷದ ಬ್ಯಾಟರಿಯನ್ನು ಸುಮ್ಮನೆ ಸುಡಬಹುದು. ಈಚಿನ ಕೆಲವು ಮಾದರಿಗಳು ಇದನ್ನು ತಾವಾಗಿಯೇ ಹೊಂದಿಸಿಕೊಳ್ಳುತ್ತವೆ. ನಿಮ್ಮದರಲ್ಲಿ ಆ ಸೌಲಭ್ಯ ಇದೆಯೇ, ಚಾಲೂ ಇದೆಯೇ? ಇಲ್ಲವಾದರೆ ‘ಔಟ್‌ಪುಟ್ ಎಷ್ಟಕ್ಕೆ ಇಳಿಸಿದಿರಿ’ ಎಂದು ಕೇಳಿ, ಪ್ರತಿ ಲೀಡಿನ ಮುಂದೆ ಬರೆದುಕೊಳ್ಳಿ.

ಲೀಡಿನ ಇನ್ನೊಂದು ಅಳತೆ ಇಂಪೀಡೆನ್ಸ್, ಓಮ್‌ಗಳಲ್ಲಿ. ಪ್ರತಿ ಲೀಡಿಗೂ ತನ್ನದೇ ಸಹಜ ಅಂಕಿ ಇರುತ್ತದೆ. ಪಕ್ಕದ ಮಂಚದವರದಕ್ಕೆ ಹೋಲಿಸಬೇಡಿ. ವರ್ಷಗಟ್ಟಲೆ 550ರ ಆಸುಪಾಸಿನಲ್ಲಿದ್ದದ್ದು ದಿಢೀರನೆ ಏರಿದರೆ ಒಳಗಿನ ತಂತಿ ಮುರಿದಿರಬಹುದು, ಅಥವಾ ಡಬ್ಬಿಗೆ ಸೇರುವ ಕಡೆ ಸಡಿಲವಾಗಿರಬಹುದು. ಬಹಳ ಇಳಿದರೆ ಹೊರಕವಚ ಹರಿದಿರಬಹುದು. ಇದೊಂದು ಅಳತೆಯ ಹಳೆಯ ದಾಖಲೆ ನಿಮ್ಮ ಕೈಯಲ್ಲಿದ್ದರೆ ಬೇರೆ ಊರಿನ ವೈದ್ಯರಿಗೂ ಅರ್ಧ ಕೆಲಸ ಹಗುರ. ಜೊತೆಗೆ, ನಿಮ್ಮ ಮಾದರಿಯ ಪೇಸ್‌ಮೇಕರ್ ಅಥವಾ ಲೀಡಿನ ಬಗ್ಗೆ ಕಂಪನಿ ಏನಾದರೂ ಎಚ್ಚರಿಕೆ ಹೊರಡಿಸಿದೆಯೇ ಎಂದೂ ವರ್ಷಕ್ಕೊಮ್ಮೆ ಕೇಳಬಹುದು. ಕೇಳುವುದರಲ್ಲಿ ಸಂಕೋಚವೇನಿಲ್ಲ.

ಯಂತ್ರ ಬರೆದಿಟ್ಟ ದಿನಚರಿ

ಹೋದ ಸಲ ಬಂದುಹೋದಾಗಿನಿಂದ ಹೃದಯ ಹೇಗೆ ನಡೆದುಕೊಂಡಿದೆ ಎಂಬುದನ್ನು ಪೇಸ್‌ಮೇಕರ್ ನೆನಪಿಟ್ಟುಕೊಂಡಿರುತ್ತದೆ. ಇದರಲ್ಲಿ ಎರಡು ಸಂಗತಿ ಕೇಳಿ ತಿಳಿಯಬೇಕಾದ್ದು.

ಒಂದು, ಕೆಳಗಿನ ಕೋಣೆಯಲ್ಲಿ ಪೇಸಿಂಗ್, ಅಂದರೆ ಪೇಸ್‌ಮೇಕರ್ ಮಿಡಿದು ಬಂದ ಬಡಿತ, ಶೇಕಡಾ ಎಷ್ಟು? ಬಲ ಹೃತ್ಕುಕ್ಷಿಯ ತುದಿಯಿಂದ ಹೊರಡುವ ಮಿಡಿತ ಹೃದಯದ ಸಹಜ ದಾರಿಯಲ್ಲಿ ಸಾಗುವುದಿಲ್ಲ. ವರ್ಷಗಟ್ಟಲೆ ಪೇಸಿಂಗ್ ಶೇ. 20–40 ದಾಟಿದರೆ ಕೆಲವರಲ್ಲಿ ಹೃದಯದ ಪಂಪಿಂಗ್ ಕುಗ್ಗುತ್ತ ಬರುತ್ತದೆ. ಮೇಲಿನ ಸಂಕೇತ ಕೆಳಗೆ ತಲುಪದೇ ಇರುವ ಪೂರ್ತಿ ಬ್ಲಾಕ್ ಇರುವವರಿಗೆ ಶೇ. 100 ಪೇಸಿಂಗ್ ಬೇಕೇ ಬೇಕು, ಅದು ಯಾರ ತಪ್ಪೂ ಅಲ್ಲ. ಆದರೆ ಅಂಥವರು ‘ನನಗೆ ಎಕೋ ಯಾವಾಗ’ ಎಂದು ಕೇಳಬೇಕು. ಸೈನಸ್ ನೋಡ್ ತೊಂದರೆಯಷ್ಟೇ ಇದ್ದು, ಕೆಳಗಿನ ಪೇಸಿಂಗ್ ವಿನಾಕಾರಣ ಹೆಚ್ಚಿದ್ದರೆ ಸೆಟ್ಟಿಂಗ್ ಬದಲಿಸಿ ಇಳಿಸಲು ಸಾಧ್ಯವೇ ಎಂದು ವಿಚಾರಿಸಬಹುದು. ಹೃದಯ ವೈಫಲ್ಯಕ್ಕೆಂದು ಮೂರು ಲೀಡಿನ ಸಿಆರ್‌ಟಿ ಹಾಕಿಸಿಕೊಂಡವರ ಲೆಕ್ಕ ತಿರುಗುಮುರುಗು. ಅವರಿಗೆ ಪೇಸಿಂಗ್ ಶೇ. 100ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು, 90ಕ್ಕಿಂತ ಇಳಿದರೆ ಕಾರಣ ಹುಡುಕಬೇಕು.

ಇನ್ನೊಂದು, ಮೇಲಿನ ಕೋಣೆ ಲಯ ತಪ್ಪಿ ಓಡಿದ ಘಟನೆಗಳು. ಹೃತ್ಕರ್ಣ ಅಡ್ಡಾದಿಡ್ಡಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಷನ್ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಅಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಪಾರ್ಶ್ವವಾಯು. ಹೃತ್ಕರ್ಣದಲ್ಲೂ ಲೀಡ್ ಇರುವವರಿಗೆ ಪೇಸ್‌ಮೇಕರ್ ಇದನ್ನು ಮೊದಲೇ ಹಿಡಿದುಕೊಡಬಲ್ಲದು. ‘ಅಂಥ ಘಟನೆ ಎಷ್ಟು ಸಲ ಆಗಿದೆ, ಅತಿ ಉದ್ದದ್ದು ಎಷ್ಟು ಹೊತ್ತು ಇತ್ತು, ರಕ್ತ ತೆಳುವಾಗಿಸುವ ಮಾತ್ರೆ ಬೇಕೇ’ ಎಂಬ ಮೂರನ್ನೂ ಒಟ್ಟಿಗೆ ಕೇಳಿ. ಕೆಲವು ಸೆಕೆಂಡಿನ ಘಟನೆಗೂ ಹಲವು ಗಂಟೆಯದಕ್ಕೂ ಉತ್ತರ ಬೇರೆ. ವಯಸ್ಸು, ಬಿಪಿ, ಸಕ್ಕರೆ ಎಲ್ಲ ನೋಡಿ ವೈದ್ಯರು ತೀರ್ಮಾನಿಸುತ್ತಾರೆ.

ನಿಮ್ಮ ಕಡೆಯಿಂದ ಹೇಳಬೇಕಾದ್ದೂ ಇದೆ. ಮೆಟ್ಟಿಲು ಹತ್ತುವಾಗ, ಗದ್ದೆಯ ಬದು ಏರುವಾಗ ಏದುಸಿರು ಬರುತ್ತಿದ್ದರೆ ಹೇಳಿ. ನಡಿಗೆಗೆ ತಕ್ಕಂತೆ ಬಡಿತ ಏರಿಸುವ ಸೆನ್ಸರ್ ಬಹುತೇಕ ಮಾದರಿಗಳಲ್ಲಿದೆ, ಅದನ್ನು ಚುರುಕು ಮಾಡಬಹುದು. ಆ ಸೆನ್ಸರ್ ಗಮನಿಸುವುದು ಹೆಚ್ಚಾಗಿ ಮೈಯ ಅಲುಗಾಟವನ್ನು. ಹಾಗಾಗಿ ಗುಂಡಿಬಿದ್ದ ರಸ್ತೆಯಲ್ಲಿ ಆಟೋದಲ್ಲಿ ಕೂತಾಗಲೂ ಬಡಿತ ಸ್ವಲ್ಪ ಏರಬಹುದು. ಅದಕ್ಕೆ ಗಾಬರಿ ಬೇಡ. ಮನೆಯ ಆಕ್ಸಿಮೀಟರ್‌ನಲ್ಲೋ ಬಿಪಿ ಯಂತ್ರದಲ್ಲೋ ನಾಡಿ 60ಕ್ಕಿಂತ ಕಡಿಮೆ ಕಂಡು ಪೇಸ್‌ಮೇಕರ್ ಕೆಟ್ಟಿತೆಂದು ಓಡಿಬರುವವರಿದ್ದಾರೆ. ನಡುನಡುವೆ ಬರುವ ಅಕಾಲ ಬಡಿತಗಳು ಬೆರಳವರೆಗೆ ತಲುಪದಿದ್ದಾಗ ಯಂತ್ರ ಅವನ್ನು ಎಣಿಸದೆ ಬಿಡುತ್ತದೆ. ರಾತ್ರಿ ಬಡಿತ ಇಳಿಯುವಂತೆ ಸೆಟ್ ಮಾಡಿರಲೂಬಹುದು. ‘ನನ್ನ ಕನಿಷ್ಠ ಬಡಿತ ಎಷ್ಟಕ್ಕೆ ಇಟ್ಟಿದ್ದೀರಿ, ರಾತ್ರಿಗೆ ಬೇರೆ ಇದೆಯೇ’ ಎಂದು ಬರೆದುಕೊಂಡರೆ ಈ ಗಾಬರಿಯೇ ಇರುವುದಿಲ್ಲ. ಬಿಡದ ಬಿಕ್ಕಳಿಕೆ, ಹೊಟ್ಟೆಯ ಮೇಲ್ಭಾಗದ ಅದುರು, ಎದೆಯ ಸ್ನಾಯು ತಾಳಬದ್ಧವಾಗಿ ಹಾರುವುದು ಮಾತ್ರ ಲೀಡ್ ಜರುಗಿದ ಸೂಚನೆ ಇರಬಹುದು. ಅದಕ್ಕೆ ತಪಾಸಣೆಯ ದಿನ ಕಾಯಬೇಡಿ.

ಮನೆ, ತೋಟ, ದಾರಿ

ಮಿಕ್ಸಿ, ಗ್ರೈಂಡರ್, ಟಿವಿ, ಫ್ರಿಜ್, ಮೈಕ್ರೋವೇವ್ ಸುಸ್ಥಿತಿಯಲ್ಲಿದ್ದರೆ ಯಾವ ತೊಂದರೆಯೂ ಇಲ್ಲ. ಮೊಬೈಲ್ ಫೋನನ್ನು ಪೇಸ್‌ಮೇಕರ್‌ನಿಂದ 15 ಸೆಂಟಿಮೀಟರ್ ದೂರವಿಡಿ, ಇನ್ನೊಂದು ಕಡೆಯ ಕಿವಿಗೆ ಹಿಡಿಯಿರಿ, ಅಂಗಿಯ ಎಡಜೇಬಿನಲ್ಲಿ ಇಡುವ ರೂಢಿ ಬಿಡಿ. ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರವಿರುವುದು ರೂಢಿಯ ಸಲಹೆ. ವೆಲ್ಡಿಂಗ್ ಮಾಡುವವರು, ಮೋಟಾರ್ ರಿವೈಂಡಿಂಗ್ ಮಾಡುವವರು, ಪಂಪ್‌ಸೆಟ್ಟಿನ ಸ್ಟಾರ್ಟರ್ ತಾವೇ ಬಿಚ್ಚುವ ರೈತರು ತಮ್ಮ ಕೆಲಸವನ್ನು ವಿವರವಾಗಿ ಹೇಳಿ ಕೇಳಬೇಕು, ಇವರಿಗೆ ಸಾಮಾನ್ಯ ಸಲಹೆ ಸಾಲದು. ಬೆನ್ನಿಗೆ ಹೊರುವ ಔಷಧಿ ಸ್ಪ್ರೇಯರ್‌ನ ಪಟ್ಟಿ ಡಬ್ಬಿಯ ಮೇಲೆಯೇ ಉಜ್ಜುತ್ತದೆ. ಅದನ್ನೂ ತೋರಿಸಿ ಕೇಳಿ.

ಅಯಸ್ಕಾಂತದ ಬಗ್ಗೆ ಒಂದು ಮಾತು ಹೆಚ್ಚೇ ಹೇಳಬೇಕು. ಬಲವಾದ ಅಯಸ್ಕಾಂತ ಹತ್ತಿರ ಬಂದರೆ ಪೇಸ್‌ಮೇಕರ್ ಹೃದಯದ ಮಾತು ಕೇಳುವುದನ್ನು ಬಿಟ್ಟು ಒಂದೇ ವೇಗದಲ್ಲಿ ಮಿಡಿಯತೊಡಗುತ್ತದೆ, ದೂರ ಸರಿದರೆ ಮೊದಲಿನಂತಾಗುತ್ತದೆ. ಆ ವೇಗ ಬ್ಯಾಟರಿ ಇಳಿದಂತೆ ಕಡಿಮೆಯಾಗುವ ಹಾಗೆ ಕಂಪನಿಗಳು ರೂಪಿಸಿವೆ. ಪ್ರೋಗ್ರಾಮರ್ ಇಲ್ಲದ ಕಡೆ ವೈದ್ಯರು ಅಯಸ್ಕಾಂತ ಇಟ್ಟು ಬ್ಯಾಟರಿ ಅಂದಾಜು ಮಾಡುವುದು ಇದರಿಂದಲೇ. ಅದು ವೈದ್ಯರ ಕೈಯಲ್ಲಿರಲಿ. ಮಂಡಿನೋವಿಗೆಂದು ಪ್ರದರ್ಶನಗಳಲ್ಲಿ ಮಾರುವ ಅಯಸ್ಕಾಂತದ ಹಾಸಿಗೆ, ದಿಂಬು, ಬೆಲ್ಟ್ ಮನೆಗೆ ತರುವುದೇ ಬೇಡ.

ವಿಮಾನ ನಿಲ್ದಾಣ, ಮೆಟ್ರೊ, ಮಾಲ್‌ಗಳ ಲೋಹಶೋಧಕ ಚೌಕಟ್ಟನ್ನು ನಿಲ್ಲದೆ ದಾಟಿದರೆ ಏನೂ ಆಗದು; ಒರಗಿ ನಿಲ್ಲಬಾರದಷ್ಟೆ. ಪೇಸ್‌ಮೇಕರ್‌ನ ಗುರುತಿನ ಕಾರ್ಡ್ ತೋರಿಸಿ, ಕೈಯಲ್ಲಿ ಹಿಡಿಯುವ ಶೋಧಕ ಕೋಲನ್ನು ಎದೆಯ ಮೇಲೆ ಆಡಿಸಬೇಡಿ ಎಂದು ಸಿಬ್ಬಂದಿಗೆ ಹೇಳಿ.

ಬೇರೆ ವೈದ್ಯರ ಬಳಿ ಹೋಗುವಾಗ

ಎಂಆರ್‌ಐ ಮಾಡಿಸಬಹುದೇ ಎಂಬುದನ್ನು ಅಗತ್ಯ ಬೀಳುವ ಮುಂಚೆಯೇ ಕೇಳಿ ಮೊದಲ ಪುಟದಲ್ಲಿ ಬರೆಯಿರಿ. ಡಬ್ಬಿ ಎಂಆರ್‌ಐಗೆ ಹೊಂದುವಂಥದು ಎಂದಷ್ಟೇ ಸಾಲದು, ಲೀಡ್‌ಗಳೂ ಹೊಂದಬೇಕು. ಒಳಗೆ ಹಳೆಯ ಲೀಡ್ ಬಿಟ್ಟಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಲ್ಲ ಹೊಂದಿದರೂ ಸ್ಕ್ಯಾನಿಗೆ ಮುಂಚೆ ಪೇಸ್‌ಮೇಕರನ್ನು ಎಂಆರ್‌ಐ ಮೋಡ್‌ಗೆ ಹಾಕಿ ಆಮೇಲೆ ಮರಳಿ ಸರಿಪಡಿಸಬೇಕು. ಮಂಡಿ, ಸೊಂಟದ ನೋವಿಗೆ ಫಿಸಿಯೋಥೆರಪಿಯಲ್ಲಿ ಕೊಡುವ ಡಯಾಥರ್ಮಿ ಶಾಖ ಪೂರ್ತಿ ವರ್ಜ್ಯ. ಆಪರೇಷನ್ನಿನಲ್ಲಿ ರಕ್ತ ಸುಟ್ಟು ನಿಲ್ಲಿಸುವ ಕಾಟರಿ, ಮೂತ್ರಪಿಂಡದ ಕಲ್ಲು ಒಡೆಯುವ ಶಾಕ್‌ವೇವ್, ಕ್ಯಾನ್ಸರ್‌ನ ವಿಕಿರಣ ಚಿಕಿತ್ಸೆ ಇವಕ್ಕೆಲ್ಲ ಮುಂತಯಾರಿ ಬೇಕು. ‘ಆಪರೇಷನ್ ಗೊತ್ತಾದರೆ ಯಾರಿಗೆ ಫೋನ್ ಮಾಡಬೇಕು’ ಎಂದು ಕೇಳಿ ನಂಬರ್ ಬರೆದುಕೊಳ್ಳಿ.

ಗಾಯದ ಜಾಗ ಕೆಂಪಾದರೆ, ಬಿಸಿಯಾದರೆ, ಕೀವು ಬಂದರೆ, ಚರ್ಮ ತೆಳುವಾಗಿ ಡಬ್ಬಿಯ ಅಂಚು ಹೊಳೆದರೆ ಎಣ್ಣೆ, ಅರಿಸಿನ, ಶಾಖ ಯಾವುದೂ ಬೇಡ. ಊರಿನ ಕ್ಲಿನಿಕ್ಕಿನಲ್ಲಿ ಸೂಜಿ ಚುಚ್ಚಿ ನೀರು ತೆಗೆಸಿಕೊಳ್ಳುವುದಂತೂ ಕೂಡದು. ಸೋಂಕು ಲೀಡ್ ಹಿಡಿದು ಹೃದಯಕ್ಕೇ ಇಳಿಯಬಲ್ಲದು. ಮೊದಲ ನಾಲ್ಕಾರು ವಾರ ತೋಳನ್ನು ಭುಜಕ್ಕಿಂತ ಮೇಲೆ ಎತ್ತಬೇಡಿ ಎಂದಿರುತ್ತಾರೆ. ಹೆದರಿ ಆರು ತಿಂಗಳು ಕೈಯನ್ನೇ ಆಡಿಸದೆ ಭುಜ ಬಿಗಿದುಕೊಂಡವರೂ ಇದ್ದಾರೆ. ‘ಯಾವ ದಿನದಿಂದ ಎಷ್ಟು ಎತ್ತಬಹುದು’ ಎಂದು ದಿನಾಂಕ ಸಮೇತ ಕೇಳಿ.

ಕೇಳಲು ಹಿಂಜರಿಯುವ, ಆದರೆ ಮನೆಯವರಿಗೆ ಗೊತ್ತಿರಲೇಬೇಕಾದ ಸಂಗತಿಯೊಂದಿದೆ. ಚಿತೆಯ ಶಾಖಕ್ಕೆ ಪೇಸ್‌ಮೇಕರ್ ಸಿಡಿಯುತ್ತದೆ. ಸೌದೆಯ ಚಿತೆಯಾದರೂ ವಿದ್ಯುತ್ ಚಿತಾಗಾರವಾದರೂ ಅಷ್ಟೇ. ದಹನಕ್ಕೆ ಮುಂಚೆ ವೈದ್ಯರಿಂದಲೋ ಆಸ್ಪತ್ರೆಯ ಸಿಬ್ಬಂದಿಯಿಂದಲೋ ಅದನ್ನು ತೆಗೆಸಬೇಕು. ಚರ್ಮದ ಕೆಳಗೇ ಇರುವುದರಿಂದ ಅದು ಸಣ್ಣ ಕೆಲಸ. ಮಗನಿಗೋ ಮಗಳಿಗೋ ಈಗಲೇ ಹೇಳಿಡಿ.

ಹೊರಡುವ ಮುಂಚೆ ಪ್ರಿಂಟ್ ಕೇಳಿ ಪಡೆಯಿರಿ. ಅದು ಥರ್ಮಲ್ ಕಾಗದದಲ್ಲಿದ್ದರೆ ವರ್ಷದೊಳಗೆ ಅಕ್ಷರ ಮಾಸುತ್ತದೆ. ಅವತ್ತೇ ಜೆರಾಕ್ಸ್ ಮಾಡಿಸಿ ನೋಟ್‌ಬುಕ್ಕಿಗೆ ಅಂಟಿಸಿ, ಮೊಬೈಲಿನಲ್ಲೂ ಒಂದು ಫೋಟೊ ಇರಲಿ. ದೂರದ ಊರಿನವರು ಮನೆಯಿಂದಲೇ ಮಾಹಿತಿ ಕಳಿಸುವ ರಿಮೋಟ್ ಮಾನಿಟರಿಂಗ್ ತಮ್ಮ ಮಾದರಿಗೆ ಇದೆಯೇ, ಖರ್ಚೆಷ್ಟು, ಕಳಿಸಿದ್ದನ್ನು ನೋಡುವವರು ಯಾರು ಎಂದು ಕೇಳಬಹುದು. ನೋಡುವವರಿಲ್ಲದಿದ್ದರೆ ಕಳಿಸಿ ಫಲವಿಲ್ಲ. ಇನ್ನು ತಲೆಸುತ್ತಿ ಬಿದ್ದರೆ, ಕಣ್ಣು ಕತ್ತಲಿಟ್ಟರೆ, ಹಾಕಿಸಿಕೊಳ್ಳುವ ಮುಂಚಿನ ಸುಸ್ತು ಮರಳಿದರೆ ಕ್ಲಿನಿಕ್ ದಿನಕ್ಕೆ ಕಾಯದೆ 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಹೋಗುವಾಗ ಕಾರ್ಡ್ ಮತ್ತು ಆ ನೋಟ್‌ಬುಕ್ ಜೊತೆಗಿರಲಿ.